ಸಾಣೆಯಜ್ಜನ ಬಿಲ್ಲೆಕೋಟು

ಸಾಣೆಯಜ್ಜನ ಮುತ್ತಜ್ಜ ದಂಡಿನವರ ಕತ್ತಿಗೆ ಸಾಣೆ ಹಿಡಿದವನು. ಆ ಕತ್ತಿಗಳ ಹೊಳಪು ಕಂಡೇ ಶತ್ರುಸೈನ್ಯ ಕಾಲಿಗೆ ಬುದ್ಧಿ ಹೇಳಿತಂತೆ (ಹೀಗೆಂದು ಹೇಳಿದವನೂ ಮುತ್ತಜ್ಜನೇ). ಅವನ ಮಗ ಕ್ಷೌರದ ಕತ್ತಿ ಮಸೆದು ಊರ ಗಡ್ಡಗಳನ್ನೆಲ್ಲ ಗೆದ್ದ. ಮೊಮ್ಮಗ ದರ್ಜಿಗಳ ಕತ್ತರಿಗೆ ಬಾಯಿ ಬರಿಸಿದ. ಇಂಥ ವೀರವಂಶದ ಕುಡಿಯಾದ ಸಾಣೆಯಜ್ಜ ಐಸಿನ ಮೇಲೆ ಕುಣಿಯುವವರ ಸ್ಕೇಟು ಬೂಟುಗಳ ಅಲಗು ಮಸೆಯುತ್ತಾನೆ.

ಅಷ್ಟಕ್ಕೇ ನಿಂತಿದ್ದರೆ ಅಜ್ಜಿ ಸುಖವಾಗಿರುತ್ತಿದ್ದಳು. ಆದರೆ ಈ ಐಸಿನ ಕುಣಿತದ, ಅಂದರೆ ಫಿಗರ್ ಸ್ಕೇಟಿಂಗ್ ಸ್ಪರ್ಧೆ ನಡೆದಾಗಲೆಲ್ಲ ನೆನಪಿಗೆಂದು ಕೋಟಿಗೆ ಚುಚ್ಚುವ ಬಿಲ್ಲೆ ಮಾಡಿಸುತ್ತಾರೆ. ಅದರ ಹುಚ್ಚು ಅಜ್ಜನಿಗೆ ಹತ್ತಿತು. ಕಾಲರು ತುಂಬಿತು, ಎದೆ ತುಂಬಿತು, ತೋಳೂ ತುಂಬಿತು.

"ರೀ, ನಿಮ್ಮ ಕೋಟಿನ ಭಾರಕ್ಕೆ ಗೋಡೆಯ ಗೂಟ ಕಿತ್ತು ಬಂತು."

"ಇದು ಕೋಟಲ್ಲ ಕಣೇ, ಕವಚ!"

"ಹಾಗಾದ್ರೆ ಕರ್ಣನ ಹಾಗೆ ದಾನ ಮಾಡಿಬಿಡಿ. ಗೋಡೆಯಾದರೂ ಉಳಿಯುತ್ತೆ."

ಇಷ್ಟಿದ್ದರೂ ಎದೆಯ ಎಡಕ್ಕೆ ಅಂಗೈಯಗಲ ಜಾಗ ಖಾಲಿ. ಅಜ್ಜ ಮಸೆದುಕೊಟ್ಟ ಸ್ಕೇಟು ತೊಟ್ಟು ಪಕ್ಕದ ಬೀದಿಯ ಹುಡುಗಿ ಗೆದ್ದ ಸ್ಪರ್ಧೆಯ ಬಿಲ್ಲೆಗೆಂದು ಕಾದಿಟ್ಟ ಜಾಗ ಅದು. ಆ ದಿನ ಅಜ್ಜ ಜ್ವರ ಬಂದು ಮುಸುಕು ಹೊದ್ದು ಮಲಗಿದ್ದ. ಅದೊಂದು ಸಿಗದೆ ಜೀವ ಹೋದರೆ ದೆವ್ವವಾಗಿ ಬರುತ್ತೇನೆಂದು ಅಜ್ಜಿಯನ್ನು ಹೆದರಿಸಿಯೂ ಇದ್ದ.

ಈ ಸಲದ ಸ್ಪರ್ಧೆಗೆ ಇಬ್ಬರೂ ಹೋದರು. ಟಿಕೆಟ್ ಹರಿಯುವ ಹೆಂಗಸಿನ ಕಾಲರಿನಲ್ಲಿ ಅದೇ ಬಿಲ್ಲೆ!

"ಬಿಲ್ಲೆಗೆ ಬಿಲ್ಲೆ ಅಜ್ಜ, ದುಡ್ಡು ಮುಟ್ಟಲ್ಲ," ಅಂದಳು ಆಕೆ. "ನಿಮ್ಮ ಕೋಟಿನ ಆ ಹಂಸದ ಬಿಲ್ಲೆ ಕೊಡಿ, ಇದು ನಿಮ್ಮದು."

ಅಜ್ಜ ಹಂಸದ ಹಿಂದಿನ ತಿರುಪು ತಿರುಗಿಸಿದ. ಅಲುಗಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದ. ಹಲ್ಲು ಅಲುಗಿತು.

"ಅಂಟು ಹಾಕಿದೀರಾ?" ಅಂದಳು ಅಜ್ಜಿ.

"ಕಳ್ಳರ ಕಾಟ ಕಣೇ. ಎಲ್ಲಕ್ಕೂ ಹಾಕಿದೀನಿ."

"ಭೇಷ್! ಕಳ್ಳನಿಗೆ ಹಾಕಿದ ಬೀಗದಲ್ಲಿ ಯಜಮಾನನೇ ಸಿಕ್ಕಿಬಿದ್ದ."

ಕೊನೆಗೆ ಟಿಕೆಟ್ಟಿನಾಕೆಯ ಕತ್ತರಿಯಿಂದ ಅಜ್ಜಿಯೇ ಹಂಸವನ್ನು ಬಟ್ಟೆ ಸಮೇತ ಕತ್ತರಿಸಿ ಕೊಟ್ಟಳು. ಕೋಟಿಗೆ ಕಿಟಕಿ ಬಂತು. ಅಜ್ಜನಿಗೆ ಅದರ ಪರಿವೆಯೇ ಇಲ್ಲ. ಬಂದ ಬಿಲ್ಲೆಯನ್ನು ನಿಂತಲ್ಲೇ ಎದೆಗೆ ಚುಚ್ಚಿದ, ಕೈ ಒಳಗೆ ತೂರಿಸಿ ತಡಕಾಡಿ ತಿರುಪು ಬಿಗಿದ. ಹಳೇ ಚಾಳಿ ಬಿಟ್ಟೀತೇ? ಜೇಬಿನಿಂದ ಕೊಳವೆ ತೆಗೆದು ಅಂಟನ್ನೂ ಧಾರಾಳವಾಗಿ ಹಿಂಡಿದ. ದಾರಿಯುದ್ದಕ್ಕೂ ಎದೆ ಸೆಟೆಸಿಕೊಂಡೇ ನಡೆದ.

ಮನೆಗೆ ಬಂದು ಕೋಟು ತೆಗೆಯಹೋದರೆ ಅಂಗಿಯೂ ಜೊತೆಗೆ ಹೊರಟಿತು. ಅಂಗಿ ಬಿಡಿಸಹೋದರೆ ಬನಿಯನ್ನೂ ಬಂತು. ಸಂಭ್ರಮದಲ್ಲಿ ಮೂರನ್ನೂ ಸೇರಿಸಿ ಚುಚ್ಚಿದ್ದ! ಕತ್ತು ಕೋಟಿನೊಳಗೆ, ಕೈ ಮೇಲಕ್ಕೆ. ಅಜ್ಜ ಅರ್ಧಕ್ಕೇ ಸಿಕ್ಕಿಕೊಂಡು ನಿಂತ.

ಅಜ್ಜಿ ನಗು ತಡೆದುಕೊಂಡು, "ಸುತ್ತ ಒಂಚೂರು ಕತ್ತರಿಸಿಬಿಡ್ತೀನಿ, ತಾಳಿ," ಅಂದಳು.

ಕೋಟಿನೊಳಗಿಂದ ದನಿ ಗುಡುಗಿತು: "ದೂರ ನಿಲ್ಲು! ಈ ಬಿಲ್ಲೆ ಹತ್ತಿರ ಒಂದು ನೂಲೂ ಕತ್ತರಿಸಕೂಡದು. ಕೋಟಲ್ಲೇ ಉಣ್ತೀನಿ, ಕೋಟಲ್ಲೇ ಮಲಗ್ತೀನಿ, ಕೋಟಲ್ಲೇ ಸ್ನಾನ ಮಾಡ್ತೀನಿ. ಬೆನ್ನು ಮಾತ್ರ ನೀನು... ಅದೂ ಬೇಡ, ಹೋಗು! ನಾನೇ ಉಜ್ಕೋತೀನಿ!"