ಎಲಾದಿಯೊನ ಕಣ್ಣಿಗೊಂದು ಟೀವಿ

ಟೀವಿ ಅಂಗಡಿಯಲ್ಲಿ ಮಂಡಿಯೂರಿ ಕುಳಿತಿದ್ದಾಗ ಬೆನ್ನ ಹಿಂದಿನಿಂದ ನ್ಯಾ ಸಾತುವಿನ ದನಿ ಕೇಳದೇ ಇದ್ದಿದ್ದರೆ, ಎಲಾದಿಯೊ ಒವೆಲಾರನ ಬದುಕು ಇಪ್ಪತ್ತೇಳನೇ ನಂಬರಿನ ಬಸ್ಸಿನಷ್ಟೇ ನೆಟ್ಟಗೆ ಸಾಗುತ್ತಿತ್ತು.

ಆ ಬಸ್ಸಿನ ಡ್ರೈವರು ಅವನೇ. ತನ್ನೂರು ಲೂಕೆಯಿಂದ ರಾಜಧಾನಿ ಅಸುನ್ಸಿಯೋನಿಗೆ ಹತ್ತೊಂಬತ್ತು ವರ್ಷ ಓಡಿಸಿದ್ದರೂ ಒಂದು ನಾಯಿಮರಿಗೂ ತಾಗಿಸಿದವನಲ್ಲ. ಬಸುರಿಯರು, ಮೊಟ್ಟೆ ಬುಟ್ಟಿ ಹೊತ್ತವರು ಮುಂದೆ ಬಂದ ಎರಡು ಬಸ್ಸು ಬಿಟ್ಟು ಅವನ ಬಸ್ಸಿಗೇ ಕಾಯುತ್ತಿದ್ದರು. ಇಂಥ ಸಾಧು ಪ್ರಾಣಿ ಸಂಜೆ ಮನೆಗೆ ಬಂದು, ಚಿಲಕ ಹಾಕಿ, ಪರದೆ ಎಳೆದು, ಇಸ್ತ್ರಿ ಬಟ್ಟೆಗಳಡಿ ಬಚ್ಚಿಟ್ಟ ಗೇಮ್ ಕನ್ಸೋಲನ್ನು ಹೊರತೆಗೆದು ಗಂಟೆಗೆ ಮುನ್ನೂರು ಕಿಲೋಮೀಟರು ವೇಗದಲ್ಲಿ ಕೆಂಪು ಕಾರು ಓಡಿಸುತ್ತಾನೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಬದುಕಿರುವುದಿಲ್ಲ ಎಂದು ಅವನು ನಿಶ್ಚಯಿಸಿಕೊಂಡಿದ್ದ. ನಲವತ್ತೇಳು ವಯಸ್ಸಿನ ಗಂಡಸು ಗುಂಡಿ ಒತ್ತುತ್ತಾ 'ಬಿಡು ದಾರಿ!' ಎಂದು ಒಬ್ಬನೇ ಕೂಗಿಕೊಳ್ಳುವುದು ಅವನ ಮಟ್ಟಿಗೆ ಬತ್ತಲೆ ಸಿಕ್ಕಿಬಿದ್ದಷ್ಟೇ ನಾಚಿಕೆಯ ಸಂಗತಿ.

ತೊಂದರೆಯೆಲ್ಲ ಹಳೇ ಟೀವಿಯದು. ಬ್ರೇಕ್ ಒತ್ತಿದರೆ ಅದು ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಕಾರು ನಿಲ್ಲಿಸುತ್ತಿತ್ತು. ಅಷ್ಟರಲ್ಲಿ ಕಾರು ಗೋಡೆಯೊಳಗಿರುತ್ತಿತ್ತು. ಮೂರು ತಿಂಗಳು ಓದಿ ಕೇಳಿ ಎಲಾದಿಯೊ ತಿಳಿದುಕೊಂಡದ್ದು ಇಷ್ಟು: ಆಟಕ್ಕೆ ಟೀವಿ ದೊಡ್ಡದಿದ್ದು ಫಲವಿಲ್ಲ, ಬಣ್ಣ ಮಿರಮಿರ ಮಿಂಚಿಯೂ ಫಲವಿಲ್ಲ, ಹೆಬ್ಬೆರಳು ಒತ್ತುವುದಕ್ಕೂ ಪರದೆ ಕದಲುವುದಕ್ಕೂ ನಡುವೆ ತಡವಿರಬಾರದು. ಅಂಥದ್ದೊಂದು ಅಂಗಡಿಯ ಮೂಲೆಯಲ್ಲಿತ್ತು. ನಲವತ್ಮೂರು ಇಂಚಿನದು, ಸಾದಾ. ಬುಧವಾರ ಅದರ ಬೆನ್ನಿನ ಸಣ್ಣಕ್ಷರ ಓದಲು ಮಂಡಿಯೂರಿದಾಗಲೇ ಆ ದನಿ ಕೇಳಿದ್ದು.

"ಏನಪ್ಪಾ ಎಲಾದಿಯೊ, ಟೀವಿಗೆ ಮೂಗು ತಾಗಿಸ್ಕೊಂಡು ಏನು ಮಾಡ್ತಿದೀಯಾ?"

ಆ ಕಡೆ ಹಿರಿಯ ಹೆಂಗಸರನ್ನು 'ನ್ಯಾ' ಎಂದೂ ಗಂಡಸರನ್ನು 'ಡಾನ್' ಎಂದೂ ಗೌರವದಿಂದ ಕರೆಯುತ್ತಾರೆ; ನ್ಯಾ ಸಾತು ಬೀದಿಯ ಸಮಿತಿಯ ಅಧ್ಯಕ್ಷೆ. ಆಕೆಗೆ ತಿಳಿದದ್ದು ಬೀದಿಗೆ ತಿಳಿಯಲು ಹಬೆಯಾಡುವ ಅನ್ನ ಆರುವಷ್ಟು ಹೊತ್ತೂ ಬೇಡ. ಎಲಾದಿಯೊ ದಡಬಡಿಸಿ ಎದ್ದ.

"ಕಣ್ಣು, ನ್ಯಾ ಸಾತು. ಕಣ್ಣು ಸರಿಯಾಗಿ ಕಾಣ್ತಿಲ್ಲ. ಡಾಕ್ಟ್ರು ಹೊಸ ಟೀವಿ ತಗೋ ಅಂದ್ರು. ಚಿಕಿತ್ಸೆ ಥರ."

"ಅಯ್ಯೋ ನನ್ನಪ್ಪಾ!" ಎಂದು ಆಕೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಹೊರಟೇಹೋದರು. ಅವನು ಬಚಾವಾದೆ ಅಂದುಕೊಂಡ.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದಲ್ಲಿ ಮೂರು ಹಂಡೆ ಕುದಿಯುತ್ತಿದ್ದವು. ಆ ಕಡೆ ಯಾರಿಗಾದರೂ ಕಾಯಿಲೆ ಕಸಾಲೆ ಬಂದರೆ ನೆರೆಯವರು ಕೋಳಿ ಶಾವಿಗೆ ಬೇಯಿಸಿ, ತಟ್ಟೆಗಿಷ್ಟು ಎಂದು ಮಾರಿ, ಬಂದದ್ದನ್ನು ರೋಗಿಯ ಕೈಗಿಡುತ್ತಾರೆ. ಮಾವಿನ ಮರಕ್ಕೆ ಬಟ್ಟೆ ಕಟ್ಟಿ ಬರೆದಿದ್ದರು: 'ಎಲಾದಿಯೊನ ಕಣ್ಣಿಗಾಗಿ ಶಾವಿಗೆ ಊಟ'. ಅದನ್ನು ಅವನು ಮೂವತ್ತು ಅಡಿ ದೂರದಿಂದ ಸಲೀಸಾಗಿ ಓದಿಕೊಂಡ. ಓದಿ, ದೊಪ್ಪನೆ ಹೊಸ್ತಿಲ ಮೇಲೆ ಕುಳಿತುಬಿಟ್ಟ.

"ಪಾಪ, ಹೊಸ್ತಿಲೂ ಕಾಣಲಿಲ್ಲ," ಎಂದರು ಹಂಡೆ ಕಲಕುತ್ತಿದ್ದವರು.

ಅಲ್ಲಿಂದ ಶುರುವಾಯಿತು ಉಪಚಾರ. ಬಚ್ಚಲಿಗೆ ಹೊರಟರೆ ಇಬ್ಬರು ತೋಳು ಹಿಡಿದರು. ಬಾರ್ಬರ್ ವಿಲ್ಫ್ರಿದೊ ಎರಡು ಬೆರಳು ತೋರಿಸಿ "ಎಷ್ಟು?" ಎಂದ. ಜನ ಸುತ್ತ ನಿಂತು ನೋಡುತ್ತಿದ್ದರು. ಸರಿ ಉತ್ತರ ಹೇಳಲು ನಾಚಿ ಎಲಾದಿಯೊ "ಮೂರು" ಎಂದುಬಿಟ್ಟ. ಒಬ್ಬ ತಾಯಿ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು. ತೆರೆರೆ ಎಂಬ ತಣ್ಣಗಿನ ಎಲೆಪಾನಕದ ಬಟ್ಟಲನ್ನು ಅವನ ಕೈಗೆ ಕೊಡದೆ ನೇರ ಬಾಯಿಗೇ ಹಿಡಿದರು.

ಇನ್ನು ತಡೆಯಲಾರೆ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದು ಅವನು ಎದ್ದು ನಿಂತ. ಅದೇ ಹೊತ್ತಿಗೆ ಎಂಬತ್ಮೂರರ ನ್ಯಾ ಪೆರ್ಪೆತುವಾ ಕೋಲೂರಿಕೊಂಡು ಬಂದು ಅವನ ಕೈ ತಡವಿ ಹಿಡಿದಳು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು.

"ನನ್ನ ಕೆಂಪು ಕೋಳೀನೂ ಹಂಡೆಗೆ ಹಾಕ್ಸಿದೀನಿ ಕಣಪ್ಪ."

"ಮೊಟ್ಟೆ ಇಡ್ತಿತ್ತಲ್ಲ, ಅದನ್ನಾ?"

"ದಿನಾ ಇಡ್ತಿತ್ತು. ಇಡ್ಲಿ ಬಿಡು, ನಿನ್ನ ಕಣ್ಣಿಗಿಂತ ಹೆಚ್ಚಾ? ಕಾಣದೇ ಇರೋದು ಏನು ಅಂತ ನನಗೆ ಗೊತ್ತು."

ಎದ್ದು ನಿಂತಿದ್ದ ಎಲಾದಿಯೊ ಮತ್ತೆ ಕುಳಿತ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವನ ಮುಂದೆ ತಟ್ಟೆ ಇಟ್ಟರು; ಶಾವಿಗೆಯ ಮೇಲೆ ಬಂದು ಬಿದ್ದದ್ದು ಯಾವ ಕೋಳಿಯ ಕಾಲು ಎಂದು ಕೇಳುವ ಧೈರ್ಯವಾಗಲಿಲ್ಲ. ಮರಗೆಣಸನ್ನಷ್ಟೇ ಮುರಿದು ತಿಂದ.

ಹನ್ನೆರಡಕ್ಕೆಲ್ಲ ಹಂಡೆ ಖಾಲಿ. ಸಮಿತಿ ಅವನನ್ನು ನಡುವೆ ಇಟ್ಟುಕೊಂಡು ಅಂಗಡಿಗೆ ನಡೆಯಿತು. ಹೇಗೂ ಪಾಪ ಮಾಡಿಯಾಗಿದೆ, ಸರಿಯಾದ ಟೀವಿಯಾದರೂ ಬರಲಿ ಎಂದು ಎಲಾದಿಯೊ ಮೂಲೆಯ ಕಡೆ ಕೈ ತೋರಿಸಿದ.

"ನನಗೆ ಆ ಸಣ್ಣದು ಸಾಕು, ನ್ಯಾ ಸಾತು."

"ಸಂಕೋಚ ಪಟ್ಕೋಬೇಡ! ಬೀದಿ ಪೂರ್ತಿ ಬೆವರು ಹರಿಸಿದೆ. ಅಷ್ಟಗಲದ್ದು ಕುರುಡರಿಗೆ ಸಾಲುತ್ತಾ?"

ಅಂಗಡಿಯ ಹುಡುಗಿ ಅವನನ್ನು ಗುರುತು ಹಿಡಿದು ನಕ್ಕಳು. "ಓ, ಇವ್ರಾ! ಆಟಕ್ಕೆ ಅಂತ..."

ಎಲಾದಿಯೊ ಗಾಬರಿಯಿಂದ ಅವಳಿಗೆ ಕಣ್ಣು ಹೊಡೆದ. ಒಂದಲ್ಲ, ನಾಲ್ಕು ಸಲ.

"ನೋಡಿದ್ಯಾ ವಿಲ್ಫ್ರಿದೊ, ರೆಪ್ಪೆನೂ ಹಿಡಿತಕ್ಕೆ ಸಿಗ್ತಿಲ್ಲ," ಎಂದರು ನ್ಯಾ ಸಾತು. "ಎಲ್ಲಕ್ಕಿಂತ ದೊಡ್ಡದು ತೋರ್ಸಮ್ಮ."

ದೊಡ್ಡದು ಎಪ್ಪತ್ತೈದು ಇಂಚಿನದು. ಅದರಲ್ಲಿ ಗಿಳಿಯೊಂದು ರೆಕ್ಕೆ ಬಿಚ್ಚುತ್ತಿತ್ತು. ಪುಕ್ಕದ ಎಳೆ ಎಳೆಯೂ ಕಾಣುತ್ತಿತ್ತು. ಬಂದ ಚಿತ್ರವನ್ನು ಈ ಟೀವಿ ತಿದ್ದಿ ತೀಡಿ ನುಣುಪು ಮಾಡಿ ಆಮೇಲೆ ತೋರಿಸುತ್ತದೆ ಎಂದು ಹುಡುಗಿ ವಿವರಿಸಿದಳು. ತಿದ್ದಿ ತೀಡಲು ಹಿಡಿಯುವ ಹೊತ್ತು ಎಷ್ಟೆಂದು ಎಲಾದಿಯೊನಿಗೆ ಬಾಯಿಪಾಠವಾಗಿತ್ತು. ಆದರೆ ಹೇಳುವುದು ಯಾವ ಬಾಯಿಂದ? ವಿಲ್ಫ್ರಿದೊ ಆಗಲೇ ಚೌಕಾಸಿ ಮುಗಿಸಿ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ.

ಟೀವಿ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಮೊಗಸಾಲೆಯಲ್ಲೇ ಮೇಜು ಹಾಕಿ ನಿಲ್ಲಿಸಿದರು. ಬೀದಿಯವರೆಲ್ಲ ಕುರ್ಚಿ ತಂದು ಕುಳಿತಿರುವಾಗ ಬಸ್ಸಿನ ಯಜಮಾನ ಡಾನ್ ಕ್ರಿಸ್ಪೂಲೊ ಬಂದರು. ಶಾವಿಗೆ ಮುಗಿದದ್ದಕ್ಕೆ ಬೇಜಾರು ಮಾಡಿಕೊಂಡು, ಎಲಾದಿಯೊನನ್ನು ತಬ್ಬಿ ಗಳಗಳ ಅತ್ತರು.

"ನನಗೊಂದು ಮಾತು ಹೇಳಬಾರದಿತ್ತೇನೋ? ಕಣ್ಣು ಕಾಣದೆ ಹತ್ತೊಂಬತ್ತು ವರ್ಷ... ನೆನೆಸ್ಕೊಂಡ್ರೆ ಬೆವರು ಬರುತ್ತೆ. ಎಲ್ಲಿ, ಬಸ್ಸಿನ ಕೀಲಿ ಕೊಡು. ನಾಳೆಯಿಂದ ನೀನು ಆರಾಮಾಗಿ ಮನೇಲಿರು."

ಎಲಾದಿಯೊ ಜೇಬಿನಿಂದ ಕೀಲಿ ತೆಗೆದು ಕೊಟ್ಟ. ಬಸ್ಸಿಲ್ಲದಿದ್ದರೆ ಅವನಿಗೆ ಇನ್ನೇನಿತ್ತು? ಹೆಂಡತಿ ಮಕ್ಕಳಿಲ್ಲ, ಬೆಳಿಗ್ಗೆ ಐದಕ್ಕೆ ಬಸ್ ಹತ್ತುವ ಹೆಂಗಸರು ಹೇಳುವ ನಮಸ್ಕಾರವೇ ಅವನ ಸಂಸಾರ. ಎಲ್ಲರ ಮುಂದೆ ಎದ್ದು ನಿಂತ. ಕಿವಿಯವರೆಗೂ ಕೆಂಪಾಗಿದ್ದ.

"ಯಜಮಾನ್ರೇ, ನನ್ನ ಕಣ್ಣು ಸರಿಯಾಗಿದೆ. ನಾನು ಸುಳ್ಳು ಹೇಳ್ದೆ. ನಾನು... ಟೀವಿಲಿ ಕಾರ್ ಆಟ ಆಡ್ತೀನಿ. ದಿನಾ. ಅದಕ್ಕೇ ಹೊಸ ಟೀವಿ ಬೇಕಿತ್ತು."

ನ್ಯಾ ಸಾತು ಮೂಗು ಸೀಟಿದರು.

"ನೋಡ್ರಪ್ಪಾ. ಕೆಲಸ ಹೋಗುತ್ತೆ ಅಂತ ಈ ವಯಸ್ಸಲ್ಲಿ ಎಂಥಾ ಮಾನಗೆಟ್ಟ ಕತೆ ಕಟ್ತಿದಾನೆ, ಪಾಪ!"

ಯಾರೂ ನಂಬಲಿಲ್ಲ. ಎಲಾದಿಯೊ ಒಳಗೆ ಓಡಿ, ಇಸ್ತ್ರಿ ಬಟ್ಟೆ ಚೆಲ್ಲಾಡಿ ಕನ್ಸೋಲು ತಂದು ಜೋಡಿಸಿದ. ಪರದೆಯ ಮೇಲೆ ಅವನ ಕೆಂಪು ಕಾರು ಕೋಣೆಯಷ್ಟು ದೊಡ್ಡದಾಗಿ ಮೂಡಿತು. ಡಾನ್ ಕ್ರಿಸ್ಪೂಲೊ ಕೀಲಿಯನ್ನು ಮೇಜಿನ ಮೇಲಿಟ್ಟರು.

"ಸರಿ. ಎಲ್ಲೂ ಗುದ್ದದೆ ಒಂದು ಸುತ್ತು ಹೊಡಿ. ಆಮೇಲೆ ಕೀಲಿ ವಾಪಸ್ ತಗೋ."

"ಸೆಟ್ಟಿಂಗ್ ಒಂದು ಬದಲಾಯಿಸ್ಬೇಕು, ರಿಮೋಟ್ ಕೊಡು ವಿಲ್ಫ್ರಿದೊ."

"ಮುಟ್ಟಬೇಡ! ಒಂದು ಗಂಟೆ ಕೂತು ಚಿತ್ರ ಸರಿ ಮಾಡಿದೀನಿ. ನಿನಗೆ ಗುಂಡಿ ಎಲ್ಲಿ ಕಾಣುತ್ತೆ?" ಎಂದು ವಿಲ್ಫ್ರಿದೊ ರಿಮೋಟನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡ.

ಎಲಾದಿಯೊ ಹೊರಟ. ಮೊದಲ ತಿರುವಿನಲ್ಲಿ ಸರಿಯಾದ ಕ್ಷಣಕ್ಕೇ ತಿರುಗಿಸಿದ. ಟೀವಿ ಆ ತಿರುವನ್ನು ತಿದ್ದಿ ತೀಡಿ ನುಣುಪು ಮಾಡುವಷ್ಟರಲ್ಲಿ ಕಾರು ಗೋಡೆಗೆ ಬಡಿಯಿತು. ಹಿಂದೆ ತೆಗೆದು ಬ್ರೇಕ್ ಒತ್ತಿದ; ದೀಪದ ಕಂಬ ಹೋಯಿತು. ಆಮೇಲೆ ಜಾಹೀರಾತಿನ ಹಲಗೆ, ಹೂವಿನ ಕುಂಡಗಳ ಸಾಲು, ಒಂದು ಆಂಬುಲೆನ್ಸು. ಹೆಂಗಸರು ಮುಖ ಮುಚ್ಚಿಕೊಂಡರು.

"ಗೋಡೆ ಇದೆಯಲ್ಲಪ್ಪಾ," ಎಂದಳು ನ್ಯಾ ಪೆರ್ಪೆತುವಾ ಮೆಲ್ಲಗೆ. "ನನಗೇ ಕಾಣ್ತಿದೆ."

"ಟೀವಿ ತಡ ಮಾಡ್ತಿದೆ! ನಾನು ಈಗ ಒತ್ತಿದ್ರೆ ಅದು ಆಮೇಲೆ ನಿಲ್ಲುತ್ತೆ!"

"ಗುದ್ದಿದವರೆಲ್ಲ ನನಗೆ ಹೇಳೋದು ಇದನ್ನೇ, ಬ್ರೇಕ್ ತಡವಾಯ್ತು ಅಂತ," ಎಂದು ಡಾನ್ ಕ್ರಿಸ್ಪೂಲೊ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಅವನ ತಲೆ ಸವರಿ ಹೊರಟುಹೋದರು. ಜನ ಸಾವಿನ ಮನೆಯಿಂದ ಏಳುವ ಹಾಗೆ ಒಬ್ಬೊಬ್ಬರೇ ಎದ್ದರು. ರಿಮೋಟನ್ನು ಕುರ್ಚಿಯ ಮೇಲಿಟ್ಟು ವಿಲ್ಫ್ರಿದೊನೂ ಹೋದ.

ಸಂಜೆಯ ಬಿಸಿಲು ಅಂಗಳಕ್ಕೆ ಓರೆಯಾಗಿ ಬೀಳುತ್ತಿತ್ತು. ಎಲಾದಿಯೊ ರಿಮೋಟು ಎತ್ತಿಕೊಂಡು ಮೂರು ಗುಂಡಿ ಒತ್ತಿದ. ಚಿತ್ರವನ್ನು ತಿದ್ದದೆ ಬಂದ ಹಾಗೇ ತೋರಿಸುವ ಗೇಮ್ ಮೋಡ್ ಮೆನುವಿನ ತಳದಲ್ಲಿ ಅವಿತಿತ್ತು, ಸಿಕ್ಕಿತು. ಹಾಳಾಗಿ ಹೋಗಲಿ ಎಂದು ಒಂದು ಸುತ್ತು ಹೊರಟ. ಕಾರು ಅವನ ಹೆಬ್ಬೆರಳಿಗೇ ಅಂಟಿಕೊಂಡಂತೆ ತಿರುಗಿತು. ಒಂದು ಗೋಡೆಯಿಲ್ಲ, ಒಂದು ಕಂಬವಿಲ್ಲ. "ಬಿಡು ದಾರಿ!" ಎಂದು ಕೂಗಿದ.

ಹಿಂದೆ ಹಂಡೆಯ ಮುಚ್ಚಳ ಠಣ್ಣೆಂದು ಬಿತ್ತು. ಪಾತ್ರೆ ತೊಳೆಯಲು ಉಳಿದಿದ್ದ ನ್ಯಾ ಸಾತು ಒದ್ದೆ ಕೈಯಲ್ಲೇ ನಿಂತು ನೋಡುತ್ತಿದ್ದರು.

"ಎಲಾದಿಯೊ... ನಿನಗೆ ಕಣ್ಣು ಕಾಣುತ್ತೆ."

ಅವನು ತಲೆ ತಗ್ಗಿಸಿದ. ಆ ಮೂರು ಹಂಡೆ, ಆ ಕೆಂಪು ಕೋಳಿ ಎಲ್ಲ ಕಣ್ಮುಂದೆ ಬಂದವು. "ಕಾಣುತ್ತೆ, ನ್ಯಾ ಸಾತು. ಕ್ಷಮಿಸ್ಬಿಡಿ."

"ಕಾಕುಪೆಯ ದೇವಮಾತೆಯೇ!" ಆಕೆ ದಬ್ಬನೆ ಮಂಡಿಯೂರಿದರು. "ಡಾಕ್ಟ್ರು ಸರಿಯಾಗೇ ಹೇಳಿದಾರೆ! ಮಧ್ಯಾಹ್ನ ಅಷ್ಟು ಗೋಡೆಗೆ ಗುದ್ದಿದೋನು ಒಂದೇ ಹೊತ್ತು ಈ ಟೀವಿ ನೋಡಿದ್ದಕ್ಕೆ... ಬನ್ರೋ! ಎಲ್ಲಾ ಬನ್ರೋ!"

ಎಲಾದಿಯೊ "ಹಾಗಲ್ಲ" ಎಂದು ಬಾಯಿ ತೆರೆಯುವಷ್ಟರಲ್ಲಿ ಆಕೆ ಬೀದಿಯ ಕೊನೆ ಮುಟ್ಟಿದ್ದರು.

ಆರು ಗಂಟೆಗೆ ಟೀವಿ ಎಂಟು ಹೆಗಲುಗಳ ಮೇಲೆ ಚರ್ಚಿನ ಪಕ್ಕದ ಸಭಾಂಗಣಕ್ಕೆ ಹೊರಟಿತು. ಇಂಥ ಮದ್ದನ್ನು ಒಬ್ಬನೇ ಇಟ್ಟುಕೊಳ್ಳುವುದು ಪಾಪವಲ್ಲವೇ ಎಂದು ಸಮಿತಿ ತೀರ್ಮಾನಿಸಿತ್ತು. ಕೋಳಿ ಕೊಟ್ಟವರಿಗೂ ಕಣ್ಣಿದೆಯಲ್ಲ. ಪೊರೆ ಬಂದವರು, ಮಂಜಾದವರು, ದಪ್ಪ ಕನ್ನಡಕದವರು ಎಲ್ಲ ಸಾಲಾಗಿ ಕುಳಿತರು. ನಡುವೆ ಒಂದು ಕುರ್ಚಿಯಲ್ಲಿ ಎಲಾದಿಯೊ, ಕೈಯಲ್ಲಿ ಕಂಟ್ರೋಲರ್. ಚಿಕಿತ್ಸೆಗೆ ಕಾರು ಓಡಲೇಬೇಕು, ಓಡಿಸಲು ಬರುವುದು ಅವನೊಬ್ಬನಿಗೇ. ಇನ್ನು ಮೇಲೆ ದಿನಾ ಸಂಜೆ, ಪ್ರಾರ್ಥನೆಯಾದ ಮೇಲೆ. ಡಾನ್ ಕ್ರಿಸ್ಪೂಲೊ ಬಂದು ಕೀಲಿಯನ್ನು ಅವನ ಜೇಬಿಗೆ ಹಾಕಿ, ತಮ್ಮ ಕನ್ನಡಕ ತೆಗೆದಿಟ್ಟು ಮುಂದಿನ ಸಾಲಿನಲ್ಲೇ ಕುಳಿತರು.

ಯಾರ ಕಣ್ಣಿಗೂ ಬೀಳಬಾರದೆಂದು ಪರದೆ ಎಳೆದುಕೊಂಡು ಆಡುತ್ತಿದ್ದ ಆಟವನ್ನು ಎಲಾದಿಯೊ ಊರಿನ ಕಣ್ಣೆಲ್ಲ ತನ್ನ ಮೇಲಿರುವಾಗ ಶುರು ಮಾಡಿದ. ಕಿವಿ ಉರಿಯುತ್ತಿತ್ತು. ಕಾರು ನುಗ್ಗಿತು.

"ಅಷ್ಟು ಜೋರು ಬೇಡಪ್ಪಾ," ಎಂದರು ನ್ಯಾ ಸಾತು. "ವಯಸ್ಸಾದವರು ನೋಡ್ತಿದಾರೆ. ನಮ್ಮ ಇಪ್ಪತ್ತೇಳನೇ ನಂಬರು ಹೋದ ಹಾಗೆ ಹೋಗು."

ಕೆಂಪು ಕಾರು ಗಂಟೆಗೆ ಮೂವತ್ತು ಕಿಲೋಮೀಟರಿಗೆ ಇಳಿಯಿತು. ಮುನ್ನೂರರಲ್ಲಿ ಹಾದುಹೋಗುವ ಬೇರೆ ಕಾರುಗಳಿಗೆ ದಾರಿ ಬಿಟ್ಟುಕೊಡುತ್ತಾ ಬಲಬದಿಯಲ್ಲಿ ಸಾಗಿತು. ನ್ಯಾ ಪೆರ್ಪೆತುವಾ ಪೊರೆಗಣ್ಣನ್ನು ಕಿರಿದು ಮಾಡಿ ಮುಂದಕ್ಕೆ ಬಾಗಿದಳು.

"ಅಲ್ಲಿ ರಸ್ತೆ ಪಕ್ಕ ಅಷ್ಟು ಜನ ಕೈ ಬೀಸ್ತಾ ನಿಂತಿದಾರಲ್ಲಪ್ಪಾ. ಹತ್ತಿಸ್ಕೊಳ್ಳೋದಿಲ್ವಾ?"

ರೇಸು ನೋಡಲು ನಿಂತಿದ್ದ ಆ ಜನರ ಮುಂದೆ ಎಲಾದಿಯೊ ಬ್ರೇಕ್ ಒತ್ತಿದ. ಕಾರು ಒತ್ತಿದ ಕ್ಷಣಕ್ಕೇ ನಿಂತಿತು.