ಧಡಕ್‌ನ ಮೂಗು

ಆ ದಿನ ಬೆಳಿಗ್ಗೆ ಧಡಕ್ ತನ್ನ ಕಡೆಯ ಗಾಜನ್ನು ಹೇಳದೆ ಕೇಳದೆ ನೆಲಕ್ಕಿಳಿಸಿದ. ಇನ್ನೊಂದು ತುದಿ ಹಿಡಿದಿದ್ದ ಸರಿಯಪ್ಪ ಗಾಜನ್ನೇನೋ ಉಳಿಸಿಕೊಂಡ, ಕಾಲಿನ ಹೆಬ್ಬೆರಳನ್ನು ಉಳಿಸಿಕೊಳ್ಳಲಾಗಲಿಲ್ಲ.

"ನೋಡ್ಕೊಂಡು ಹಿಡಿಯೋಕೆ ಏನಯ್ಯಾ ನಿಂಗೆ?" ಎಂದು ಧಡಕ್ ಅವನಿಗೇ ಬೈದ.

"ಸರಿ," ಎಂದ ಸರಿಯಪ್ಪ. ಆ ಗಾಜಿನ ಅಂಗಡಿಯಲ್ಲಿ ಯಾರು ಏನೇ ಅಂದರೂ ಅವನ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. ಹೆಸರು ಬಿದ್ದದ್ದೂ ಹಾಗೆಯೇ. ಧಡಕ್‌ಗೆ ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಗಾಜನ್ನು ಇಬ್ಬರು ಹೊರಬೇಕು, ಇಳಿಸುವವನು ಮೊದಲು ಬಾಯಿಬಿಟ್ಟು ಹೇಳಬೇಕು. ಧಡಕ್‌ಗೆ ಹಾಗೆ ಹೇಳಿದರೆ ಎಲ್ಲಿ ಮರ್ಯಾದೆ ಹೋಗುತ್ತದೋ ಎಂಬ ಚಿಂತೆ. ಅವನ ಜೊತೆಗೆ ಹಾಕಿದವರೆಲ್ಲ ಗಾಜು ಒಡೆದು, ಬೈಸಿಕೊಂಡು, ಕೆಲಸ ಬಿಟ್ಟು ಓಡಿದ್ದರು. ಉಳಿದವನು ಸರಿಯಪ್ಪ ಒಬ್ಬನೇ. ಇಷ್ಟು ವರ್ಷ ಅವನ ಕೈಯಲ್ಲಿ ಒಂದು ಗಾಜೂ ಬಿರುಕು ಬಿಟ್ಟಿರಲಿಲ್ಲ, ಬೆರಳೂ ನೆಟ್ಟಗಿತ್ತು. ಇವತ್ತು ಮಾತ್ರ ಪಕ್ಕದಲ್ಲಿ ಗಾಜು ಉಜ್ಜುವ ಯಂತ್ರ ಕಿರುಚುತ್ತಿತ್ತು.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವನು ಕುಂಟುತ್ತ ಮಾಲೀಕರ ಮುಂದೆ ನಿಂತ. "ಸರ್, ಮುಂದಿನ ಕೌಂಟರ್ ಖಾಲಿ ಇದೆಯಲ್ಲ, ನನ್ನ ಅಲ್ಲಿ ಕೂರ್ಸಿ. ಇವನ ಜೊತೆ ಇನ್ನು ನನ್ನ ಕೈಲಾಗಲ್ಲ."

ಅವನು ಇಷ್ಟುದ್ದ ಮಾತಾಡಿದ್ದನ್ನು ಮಾಲೀಕರು ಕೇಳಿಯೇ ಇರಲಿಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಧಡಕ್, "ಕೌಂಟರ್ ನಾನು ಮೊದಲೇ ಕೇಳಿದೀನಿ" ಎಂದ.

ಮಾಲೀಕರು ಚಪ್ಪಲಿ ಕೊಳ್ಳಲೂ ಮನೆಯವರನ್ನೆಲ್ಲ ಕೇಳುವ ಜನ. ಅವರ ಸಹಾಯಕ್ಕೆ ಬಂದವನು ಅಳಿಯ. ಮಾಡಲು ಕೆಲಸವಿಲ್ಲದೆ ಅಂಗಡಿಗೆ ಬಂದು ಕೂರುತ್ತಿದ್ದ ಈ ಮಹಾಶಯ ಊಟದ ಕೋಣೆಯ ಟೀವಿಗೆ ಒಂದು ಹೊಡೆದಾಟದ ಗೇಮ್ ತಂದು ಜೋಡಿಸಿದ್ದ. "ಮಾವ, ಸಂಜೆ ಇಬ್ರೂ ಆಡ್ಲಿ. ಮೂರಾಟದಲ್ಲಿ ಎರಡು ಗೆದ್ದೋರಿಗೆ ಕೌಂಟರ್."

ಮಾವನಿಗೆ ತಲೆಯ ಮೇಲಿನ ಭಾರ ಇಳಿದಂತಾಯಿತು. ಅದು ಸರಿಯಪ್ಪನ ತಲೆಯ ಮೇಲೆ ಬಂತು. ಆ ಗೇಮಿನಲ್ಲಿ ಅವನು ಧಡಕ್‌ನನ್ನು ಒಂದು ಸಲವೂ ಸೋಲಿಸಿರಲಿಲ್ಲ. ಧಡಕ್‌ನ ಗಡ್ಡದ ಪೈಲ್ವಾನ ಇದ್ದಕ್ಕಿದ್ದಂತೆ ಹಾರಿ ಎದೆಗೆ ಒದೆಯುತ್ತಿದ್ದ, ಸರಿಯಪ್ಪನ ಪೈಲ್ವಾನ ಅಂಗಾತ ಬೀಳುತ್ತಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಬುದ್ಧಿ ಹೇಳಲು ಎಲ್ಲರಿಗೂ ಪುರುಸೊತ್ತು ಸಿಕ್ಕಿತು. "ಎಲ್ಲ ಗುಂಡಿನೂ ಒಟ್ಟಿಗೆ ಅಮುಕು ಕಣೋ," ಎಂದಳು ಪ್ಯಾಕಿಂಗ್ ಅಕ್ಕ. "ಮೊದ್ಲು ನೀನೇ ನುಗ್ಗು. ಯೋಚನೆ ಮಾಡೋನು ಕೆಟ್ಟ," ಎಂದರು ಪಾಲಿಶ್ ಅಜ್ಜ. ಸರಿಯಪ್ಪ ಇಬ್ಬರಿಗೂ ಸರಿ ಎಂದ.

ಸಂಜೆ ಯಂತ್ರಗಳೆಲ್ಲ ನಿಂತವು. ಮಾಲೀಕರು ಕುರ್ಚಿ ಹಾಕಿಸಿಕೊಂಡು ಕೂತರು. ಮೊದಲ ಆಟದಲ್ಲಿ ಸರಿಯಪ್ಪ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಅಮುಕಿದ, ತಾನೇ ನುಗ್ಗಿದ, ಹಿಟ್ಟಿನ ಮೂಟೆಯಂತೆ ಬಿದ್ದ. ಧಡಕ್ ಮೀಸೆಯಲ್ಲೇ ನಕ್ಕ.

ಎರಡನೆಯ ಆಟದ ನಡುವೆ ಪಕ್ಕದಿಂದ ಸೊರ್ ಎಂದು ಮೂಗೆಳೆದ ಸದ್ದು ಬಂತು. ಸರಿಯಪ್ಪನ ಬೆರಳು ತಾನಾಗಿಯೇ ತಡೆಯುವ ಗುಂಡಿಯನ್ನು ಒತ್ತಿತು. ಅದೇ ಕ್ಷಣ ಗಡ್ಡದವನು ಹಾರಿದ, ಒದೆ ತೋಳಿಗೆ ಬಡಿದು ವ್ಯರ್ಥವಾಯಿತು. ಸರಿಯಪ್ಪ ಓರೆಗಣ್ಣಿನಿಂದ ಧಡಕ್‌ನ ಮೂಗು ನೋಡಿದ. ಈ ಸದ್ದು ಅವನಿಗೆ ಗೊತ್ತು. ಗಾಜು ಇಳಿಸುವ ಮುಂಚೆಯೂ ಧಡಕ್ ಹೀಗೆಯೇ ಮೂಗೆಳೆಯುತ್ತಿದ್ದ, ಸರಿಯಪ್ಪನ ಕೈ ತನಗೇ ತಿಳಿಯದೆ ಗಾಜನ್ನು ತಗ್ಗಿಸುತ್ತಿತ್ತು. ಬೆಳಿಗ್ಗೆ ಯಂತ್ರದ ಗಲಾಟೆಯಲ್ಲಿ ಆ ಸದ್ದು ಕೇಳಿಸಿರಲಿಲ್ಲ, ಅಷ್ಟೇ.

ಆಮೇಲೆ ಅವನು ಟೀವಿಗಿಂತ ಧಡಕ್‌ನ ಮೂಗಿಗೆ ಹೆಚ್ಚು ಗಮನ ಕೊಟ್ಟ. ಸೊರ್ ಎಂದರೆ ತಡೆದ, ತಡೆದು ಹೊಡೆದ. ಇಕ್ಕಟ್ಟಿನಲ್ಲಿ ಧಡಕ್ ಯಾವಾಗಲೂ ಎಡಕ್ಕೆ ವಾಲುವವನು. ಸರಿಯಪ್ಪ ಎಡಗಡೆ ಮೊದಲೇ ಹೋಗಿ ಕಾದ. ಎರಡನೆಯ ಆಟ ಗೆದ್ದ, ಮೂರನೆಯದನ್ನೂ ಗೆದ್ದ. ಇಷ್ಟು ವರ್ಷ ನುಂಗಿದ ಬೈಗುಳವನ್ನೆಲ್ಲ ಆ ಗಡ್ಡದವನ ಮೇಲೆ ತೀರಿಸಿಕೊಂಡು ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

"ಅವನು ಹಾರ್ತಾನೆ ಅಂತ ನಿಂಗೆ ಹೇಗಯ್ಯಾ ಗೊತ್ತಾಗ್ತಿತ್ತು?" ಎಂದರು ಮಾಲೀಕರು.

ಆಗಲೂ ಸರಿ ಎಂದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಗೆದ್ದ ಅಮಲು, ಬಾಯಿ ಬಿಟ್ಟ. "ಹಾರೋ ಮುಂಚೆ ಮೂಗೆಳೀತಾನೆ ಸರ್. ಗಾಜು ಇಳಿಸೋವಾಗ್ಲೂ ಹಂಗೇ. ತಿರುವು ಬಂದ್ರೆ ಎಡಕ್ಕೆ ವಾಲ್ತಾನೆ. ಅವನದ್ದು ಎಲ್ಲಾ ನಂಗೆ ಗೊತ್ತು."

ಮಾಲೀಕರ ಮುಖ ಅರಳಿತು. "ಅದಕ್ಕೇ ನೋಡು, ನೀನು ಬಂದ ಮೇಲೆ ಒಂದು ಗಾಜೂ ಒಡೆದಿಲ್ಲ. ನಿನ್ನ ಎತ್ತಿ ಕೌಂಟರ್‌ಗೆ ಕೂರ್ಸಿದ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ. ನೀವಿಬ್ರೂ ಜೊತೇಲೇ ಇರಿ. ಕೌಂಟರ್‌ನಲ್ಲಿ ನಮ್ಮ ಅಳಿಯ ಕೂತ್ಕೊಳ್ಳಲಿ."

"ಗೆದ್ದಿದ್ದು ನಾನು, ಸರ್."

"ಗೆದ್ದಿದ್ದಕ್ಕೇ ಹೇಳ್ತಿರೋದು."

ಅಳಿಯ ಆಗಲೇ ಕೌಂಟರ್‌ನ ಫ್ಯಾನು ತಿರುಗಿಸಲು ಹೊರಟಿದ್ದ. ಪ್ಯಾಕಿಂಗ್ ಅಕ್ಕ ಕಿವಿಯ ಬಳಿ ಬಂದು ಹೇಳಿದಳು: "ಅಲ್ಲ ಕಣೋ, ನೀನು ಸೋತಿದ್ರೆ ಅವನೇ ಕೌಂಟರ್‌ಗೆ ಹೋಗ್ತಿದ್ದ. ನಿಂಗೆ ಅವನ ಕಾಟ ತಪ್ತಿತ್ತು." ಇದನ್ನು ಅವಳು ಮಧ್ಯಾಹ್ನ ಹೇಳಬಹುದಿತ್ತು.

ಬಾಗಿಲು ಹಾಕುವ ಮುಂಚೆ ಒಂದು ದಪ್ಪನೆಯ ಮೇಜಿನ ಗಾಜು ಒಳಗಿಡುವುದಿತ್ತು. ಇಬ್ಬರೂ ಎತ್ತಿದರು. ಧಡಕ್‌ನ ಕಣ್ಣು ಒದ್ದೆಯಾಗಿತ್ತು. "ನನ್ನ ಹೆಂಡ್ತಿಗೂ ನಾನು ಇಷ್ಟು ಅರ್ಥ ಆಗಿಲ್ಲ ಕಣಯ್ಯಾ. ಇನ್ಮೇಲೆ ನಿಂಗೆ ಹೇಳ್ದೆ ಇಳ್ಸಲ್ಲ," ಅಂದವನೇ ಸೊರ್ ಎಂದು ಮೂಗೆಳೆದ.

ಸರಿಯಪ್ಪನ ಕೈ ಎಂದಿನಂತೆ ತನ್ನ ತುದಿಯನ್ನು ಇಳಿಸಿಬಿಟ್ಟಿತು. ಧಡಕ್ ಇನ್ನೂ ಎತ್ತಿ ಹಿಡಿದೇ ಇದ್ದ. ಗಾಜು ಜಾರಿ ಬಂದು ಬಟ್ಟೆ ಸುತ್ತಿದ್ದ ಅದೇ ಹೆಬ್ಬೆರಳ ಮೇಲೆ ಕೂತಿತು.

ಮಾಲೀಕರು ಓಡಿಬಂದು ಬಗ್ಗಿ ಗಾಜಿನ ಅಂಚನ್ನು ಸವರಿದರು. "ಒಂದು ಗೀರೂ ಬಿದ್ದಿಲ್ಲ. ಎಂಥಾ ಜೋಡಿ ಇದು."

"ಈಗ ಇಳ್ಸಲಾ?" ಎಂದು ಧಡಕ್ ಪ್ರೀತಿಯಿಂದ ಕೇಳಿದ.

"ಸರಿ," ಎಂದ ಸರಿಯಪ್ಪ.