ರೈಲ್ವೆ ಬಿಟ್ಟು ಕೋಚ್ ಆದ ಮೇಲೆ

ಬೇರೆಯವರ ಕನಸು ವಿಚಾರಿಸುವ ಕೆಲಸ ಹಿಡಿದವನಿಗೆ ನಗೆಪಾಟಲು ತಪ್ಪಿದ್ದಲ್ಲ. ನಾನು ವಡೋದರಾದಲ್ಲಿ ರೈಲ್ವೆ ಕೋಚುಗಳ ರಿಪೇರಿ ನೋಡಿಕೊಳ್ಳುತ್ತಿದ್ದೆ. ಕೆಲಸ ಚೆನ್ನಾಗೇ ಇತ್ತು. ಆದರೆ ಹೊಸಬರು ಯಾರಾದರೂ ಎದುರಿಗೆ ಕೂತು "ಸಾರ್, ಮುಂದೇನು ಮಾಡಲಿ?" ಎಂದು ಕೇಳಿದಾಗ ಆಗುತ್ತಿದ್ದ ಖುಷಿ ಬೇರೆಯದೇ. ಕೊನೆಗೆ ಸ್ವಯಂ ನಿವೃತ್ತಿ ತೆಗೆದುಕೊಂಡು, ತರಬೇತಿ ಮುಗಿಸಿ, ನಾಯಕತ್ವ ಮತ್ತು ವೃತ್ತಿ ಕೋಚ್ ಎಂದು ಬೋರ್ಡು ಹಾಕಿದೆ. ಬ್ಯಾಂಕಿನಲ್ಲಿರುವ ಹೆಂಡತಿ ಆ ಬೋರ್ಡನ್ನು ಬಹಳ ಹೊತ್ತು ನೋಡಿ, "ಮಂದಿ ಬರ್ತಾರೇನ್ರೀ?" ಎಂದಳು. ನನಗೂ ಅದೇ ಅನುಮಾನವಿತ್ತು.

ಅವ್ವ

ಹುಬ್ಬಳ್ಳಿಯಲ್ಲಿರುವ ಅವ್ವನಿಗೆ ಫೋನಿನಲ್ಲಿ ತಿಳಿಸಿದೆ.

"ಅಂದ್ರ ಮಂದೀಗೆ ಬುದ್ಧಿ ಹೇಳೂದೇನು?"

"ಇಲ್ಲವ್ವಾ. ನಾ ಬರೇ ಪ್ರಶ್ನೆ ಕೇಳ್ತೀನಿ. ಉತ್ತರ ಅವರೇ ಹುಡುಕ್ಕೋತಾರ."

"ಉತ್ತರ ಅವರೇ ಹುಡುಕ್ಕೊಂಡ್ರ ನಿನಗ್ಯಾಕ ರೊಕ್ಕ ಕೊಡ್ತಾರ?"

ಅಷ್ಟರಲ್ಲಿ ಪಕ್ಕದ ಮನೆಯಾಕೆ ಏನೋ ವಿಚಾರಿಸಿದ್ದು, ಅವ್ವ ಹೆಮ್ಮೆಯಿಂದ ಹೇಳಿದ್ದು ಎರಡೂ ಕೇಳಿಸಿದವು: "ಮೊದಲ ಕೋಚ್ ರಿಪೇರಿ ಮಾಡ್ತಿದ್ದ. ಈಗ ತಾನೇ ಕೋಚ್ ಆಗ್ಯಾನ. ರೈಲ್ವೇದಾಗ ಪ್ರಮೋಷನ್ ಹಿಂಗ ಇರ್ತದ!"

ಕೊಳಲು

ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ತೈಲ ಕಂಪನಿಯ ಎಂಜಿನಿಯರೊಬ್ಬರು ಮಗಳ ಭವಿಷ್ಯಕ್ಕಾಗಿ ನನ್ನನ್ನು ಕರೆಸಿದರು. ಮೈಸೂರಿನ ಕಡೆಯವರು.

"ಅವಳಿಗೆ ಏನಿಷ್ಟವೋ ಅದನ್ನೇ ಓದಲಿ ಸಾರ್. ಪೂರ್ತಿ ಸ್ವಾತಂತ್ರ್ಯ. ಮೆಕ್ಯಾನಿಕಲ್ ಆದರೂ ಸರಿ, ಕೆಮಿಕಲ್ ಆದರೂ ಸರಿ."

ಮಗಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಹೊರಗೆ ಸಂಜೆ ಬಿಸಿಲು, ಬೇವಿನ ಮರದ ಮೇಲೆ ಸಿಕ್ಕಿಕೊಂಡ ಹಳೇ ಗಾಳಿಪಟ. ನಾನು ಅವಳನ್ನು ಬಿಟ್ಟು ಅಪ್ಪನನ್ನೇ ಕೇಳಿದೆ: "ಚಿಕ್ಕವರಿದ್ದಾಗ ನಿಮಗೇನು ಆಸೆ ಇತ್ತು?"

ಅವರ ಕಣ್ಣೂ ಗಾಳಿಪಟದ ಕಡೆ ಹೋಯಿತು. "ಕೊಳಲು," ಎಂದರು ಮೆಲ್ಲಗೆ. "ಅಪ್ಪ ಸಿವಿಲ್ಲಾ ಮೆಕ್ಯಾನಿಕಲ್ಲಾ ಅಂತ ಕೇಳಿದರು. ಕೊಳಲು ಅಂತ ಹೇಳೋಕೆ ಜಾಗವೇ ಇರಲಿಲ್ಲ."

ಮುಂದಿನ ವಾರವೇ ಅವರು ಕೊಳಲಿನ ಕ್ಲಾಸಿಗೆ ಸೇರಿದರು. ಮಗಳಿಗೆ ಅವಳಿಷ್ಟದ ಚಿತ್ರಕಲೆಗೂ ಒಪ್ಪಿಗೆ ಸಿಕ್ಕಿತು. ಬೀಗಿಕೊಂಡು ಓಡಾಡುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಆ ಹುಡುಗಿಯ ಫೋನು. ಇಂಗ್ಲಿಷ್ ಬೆರೆಸಿದ ಕನ್ನಡ:

"ಅಂಕಲ್, ಪಪ್ಪಾ ದಿನಾ ಪ್ರಾಕ್ಟೀಸ್ ಮಾಡ್ತಾರೆ. ಪ್ಲೀಸ್, ಪಪ್ಪಾಗೆ ಎಂಜಿನಿಯರಿಂಗೇ ಸರಿ!"

ಹತ್ತು ವರ್ಷದ ಆಚೆ

ಸೂರತ್‌ನ ವರಾಛಾದಲ್ಲಿ ವಜ್ರಕ್ಕೆ ಪಾಲಿಶ್ ಮಾಡಿಸುವ ಮಾಲೀಕರೊಬ್ಬರು ತಮಗೂ ತಮ್ಮ ಮೇಲ್ವಿಚಾರಕರಿಗೂ ನಾಯಕತ್ವ ಕಲಿಸಲು ಕರೆದರು. ಮೊದಲು ಊಟ: ತುಪ್ಪ ಸವರಿದ ರೋಟ್ಲಿ, ಕಢಿ, ಕಡಲೆಹಿಟ್ಟಿನ ಸಿಹಿ ಮೋಹನ್‌ಥಾಳ್. ಆಮೇಲೆ ನನ್ನ ಪಾಠ.

"ಕಣ್ಣು ಮುಚ್ಚಿ. ಉಸಿರು ನಿಧಾನವಾಗಲಿ. ಹತ್ತು ವರ್ಷದ ಆಚೆಗಿನ ಒಂದು ಬೆಳಗು. ನೀವು ಎಲ್ಲಿದ್ದೀರಿ?"

ಪರದೆ ಗಾಳಿಗೆ ಉಬ್ಬುತ್ತಿತ್ತು. ಕೆಳಗಿನ ಮಹಡಿಯಿಂದ ಸಾಣೆ ಚಕ್ರಗಳ ಗುಂಯ್ ಎನ್ನುವ ಸದ್ದು ಜೋಗುಳದ ಹಾಗೆ ಬರುತ್ತಿತ್ತು. ನಾನೂ ಕಣ್ಣು ಮುಚ್ಚಿದೆ. ನನಗೊಂದು ನದಿ ಕಂಡಿತು, ಅದರ ಮೇಲೆ ತೇಲುವ ಬಿಳಿ ಮನೆ ಕಂಡಿತು. ಇನ್ನೇನು ಬಾಗಿಲು ತಟ್ಟಬೇಕು, ಯಾರೋ ಭುಜ ಅಲುಗಿಸಿದರು.

"ಸಾಹೇಬ್, ಚಹಾ ಬಂದಿದೆ," ಎಂದರು ಮಾಲೀಕರು. ಸುತ್ತ ಎಲ್ಲರೂ ಗೊರಕೆಯಲ್ಲಿದ್ದರು. ನಾಚಿಕೆಯಿಂದ ಕ್ಷಮೆ ಕೇಳಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು.

"ಪ್ರತಿ ತಿಂಗಳು ಬನ್ನಿ. ಡಾಕ್ಟರ ಗುಳಿಗೆಗೂ ಬಾರದ ನಿದ್ದೆ ನಿಮ್ಮ ದನಿಗೆ ಬಂತು!"

ಧೈರ್ಯ

ಸೂರತ್‌ನಲ್ಲೇ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲು. ಮಾಲೀಕರು ತಮ್ಮ ಮ್ಯಾನೇಜರನ್ನು ನನಗೆ ಒಪ್ಪಿಸಿದರು. "ಒಳ್ಳೆಯವನು. ಆದರೆ ಬಾಯೇ ಬಿಡೋದಿಲ್ಲ. ಸ್ವಲ್ಪ ಧೈರ್ಯ ತುಂಬಿ."

ಮ್ಯಾನೇಜರು ಮೃದು ಮನುಷ್ಯ. ಮಿಲ್ಲಿನ ತಾರಸಿಯ ಮೇಲೆ ಕೂತು ಮಾತಾಡುತ್ತಿದ್ದೆವು. "ದಿನದಲ್ಲಿ ಯಾವ ಹೊತ್ತು ನಿಮಗೆ ಬಲು ಇಷ್ಟ?" ಎಂದು ಕೇಳಿದೆ. ಅವರು ದೂರದ ಹೊಗೆಕೊಳವೆಗಳನ್ನು ನೋಡುತ್ತ, "ಕೆಲಸದವರು ಬಂದು ತಮ್ಮ ಕಷ್ಟ ಹೇಳಿಕೊಳ್ಳೋ ಹೊತ್ತು," ಎಂದರು. "ಅದರ ಬೆನ್ನು ಹತ್ತಿ. ಹೆದರಬೇಡಿ," ಎಂದೆ.

ಕೆಲವು ವಾರಗಳ ನಂತರ ಮಾಲೀಕರ ಫೋನು ಬಂತು.

"ಸಾಹೇಬ್, ಅವನಿಗೆ ಧೈರ್ಯ ಬಂತು."

"ಬಹಳ ಸಂತೋಷ!"

"ನಿನ್ನೆ ರಾಜೀನಾಮೆ ಕೊಟ್ಟ. ನಿಮ್ಮ ಹಾಗೆ ಕೋಚ್ ಆಗ್ತಾನಂತೆ."

"ಹಾಗಾದರೆ ಹೊಸ ಮ್ಯಾನೇಜರಿಗೆ ನಾನು ತರಬೇತಿ ಕೊಡ್ತೀನಿ," ಎಂದೆ.

"ಅದಕ್ಕೆ ಅವನನ್ನೇ ಗೊತ್ತು ಮಾಡಿದೀನಿ. ಪರಿಚಯದವನು, ಮಿಲ್ಲೂ ಗೊತ್ತು," ಎಂದರು ಮಾಲೀಕರು, ತುಂಬಾ ಪ್ರೀತಿಯಿಂದ. "ಈಗ ಖಾಲಿ ಇರೋದು ಮ್ಯಾನೇಜರ್ ಕುರ್ಚಿ ಮಾತ್ರ. ಸೋಮವಾರ ಬರ್ತೀರಾ?"